ಹೊಗೆಯ ದಾರಿ ಕಾಯುವವರು ಯಾರು?

2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆಂದು ಹೋದ ಇಬ್ಬರು ಸಹೋದರಿಯರು ಗ್ಯಾಸ್ ಗೀಸರ್‌ನಿಂದ ಹೊಮ್ಮಿದ ವಿಷಾನಿಲಕ್ಕೆ ಬಲಿಯಾದರು. ಮರು ತಿಂಗಳೇ ಬೆಳಗಾವಿಯಲ್ಲಿ ಚಳಿ ತಡೆಯಲೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹೊತ್ತಿಸಿ ಮಲಗಿದ್ದ ಮೂವರು ಯುವಕರು ಮತ್ತೆ ಏಳಲಿಲ್ಲ. ಅದಕ್ಕೂ ಮೊದಲು, 2023ರ ಜೂನ್‌ನಲ್ಲಿ, ಬೆಂಗಳೂರಿನ ಹೊರವಲಯದ ಚಿಕ್ಕಜಾಲ ಠಾಣೆಯ ವ್ಯಾಪ್ತಿಯಲ್ಲಿ ಯುವ ಜೋಡಿಯೊಂದು ಸ್ನಾನದ ಕೋಣೆಯಲ್ಲಿಯೇ ಪ್ರಾಣ ಬಿಟ್ಟಿತ್ತು.

ಇಂಥ ಪ್ರತಿಯೊಂದು ಸಾವಿನ ನಂತರವೂ 'ಸಾರ್ವಜನಿಕರು ಎಚ್ಚರ ವಹಿಸಬೇಕು' ಎಂಬ ಸಲಹೆ ಪ್ರಕಟವಾಗುತ್ತದೆ. ಪೊಲೀಸರು ಅಸ್ವಾಭಾವಿಕ ಮರಣದ ಪ್ರಕರಣ ದಾಖಲಿಸುತ್ತಾರೆ. ಹೊಣೆ ಸತ್ತವರ ಪಾಲಿಗೇ ಉಳಿಯುತ್ತದೆ. ಆದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಮನೆಯೊಳಗೆ ಉರಿಯುವ ಬೆಂಕಿಯ ಹೊಗೆ ಹೊರಗೆ ಹೋಗುತ್ತಿದೆಯೇ ಎಂದು ನೋಡುವುದು ಯಾರ ಕೆಲಸ? ನಮ್ಮಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಯುರೋಪಿನ ಚಳಿ ದೇಶಗಳಲ್ಲಿ ಇದಕ್ಕೆಂದೇ ಶತಮಾನಗಳ ಹಿಂದಿನಿಂದ ಒಂದು ಕಸುಬು ಬೆಳೆದುಬಂದಿದೆ. ಅದು ಚಿಮಣಿ ಶುಚಿಗೊಳಿಸಿ ತಪಾಸಣೆ ಮಾಡುವ ಕಸುಬು. ಜರ್ಮನಿಯಲ್ಲಂತೂ ಅದು ಕೇವಲ ಕಸುಬಲ್ಲ, ಕಾನೂನಿನ ಒಂದು ಅಂಗ. ಆ ವ್ಯವಸ್ಥೆಯ ಗುಣದೋಷಗಳನ್ನು ಅರಿಯುವುದು ಇಂದು ನಮಗೂ ಅಗತ್ಯವಾಗಿದೆ.

ವಾಸನೆಯಿಲ್ಲದ ಶತ್ರು

ಗೀಸರ್ ಸಾವುಗಳನ್ನು ನಾವು ಸಾಮಾನ್ಯವಾಗಿ 'ಅನಿಲ ಸೋರಿಕೆ' ಎಂದು ಕರೆಯುತ್ತೇವೆ. ಈ ಪದವೇ ದಾರಿ ತಪ್ಪಿಸುವಂಥದು. ಸಿಲಿಂಡರಿನ ಅನಿಲ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ. ಅದಕ್ಕೆಂದೇ ಅದರಲ್ಲಿ ಕಟುವಾಸನೆಯ ರಾಸಾಯನಿಕವನ್ನು ಬೆರೆಸಿರುತ್ತಾರೆ. ಇಂಥ ಸಾವುಗಳಲ್ಲಿ ಕೊಲ್ಲುವುದು ಬಹುಮಟ್ಟಿಗೆ ಸೋರಿದ ಅನಿಲವಲ್ಲ, ಅರೆಬರೆ ಉರಿದ ಅನಿಲ. ಉರಿಯುವ ಬೆಂಕಿಗೆ ಸಾಕಷ್ಟು ಗಾಳಿ ಸಿಗದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುವುದರಲ್ಲಿ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲಶಾಲಿ. ಮೊದಲು ತಲೆನೋವು, ಆಮೇಲೆ ಮಂಪರು, ಅನಂತರ ಪ್ರಜ್ಞೆ ತಪ್ಪುವುದು. ಅಪಾಯ ಅರಿವಿಗೆ ಬರುವ ಹೊತ್ತಿಗೆ ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ.

ಸೌದೆ, ಕಲ್ಲಿದ್ದಲು, ಎಣ್ಣೆ, ಅನಿಲ, ಯಾವುದೇ ಇಂಧನ ಉರಿದರೂ ಈ ಅಪಾಯ ತಪ್ಪಿದ್ದಲ್ಲ. ಕೊಳವೆಯ ಮೂಲಕ ಮನೆಗೆ ಬರುವ ನೈಸರ್ಗಿಕ ಅನಿಲವೂ ಇದಕ್ಕೆ ಹೊರತಲ್ಲ. ಆದ್ದರಿಂದ ಬೆಂಕಿಯಿರುವ ಮನೆಗೆ ಎರಡು ದಾರಿಗಳು ಬೇಕು. ಒಂದು ಗಾಳಿ ಒಳಬರಲು, ಇನ್ನೊಂದು ಹೊಗೆ ಹೊರಹೋಗಲು. ಎರಡರಲ್ಲಿ ಯಾವುದು ಕಟ್ಟಿಕೊಂಡರೂ ಮನೆ ಬಲೆಯಾಗುತ್ತದೆ.

ಹಳೆಯ ಮನೆಗಳೇ ಏಕೆ?

ಯುರೋಪು, ಅಮೆರಿಕಗಳ ಹಳೆಯ ಮನೆಗಳಲ್ಲಿ ಇಟ್ಟಿಗೆಯ ಹೊಗೆಕೊಳವೆ ಗೋಡೆಯೊಳಗೇ ಹಾದುಹೋಗುತ್ತದೆ. ಸೌದೆಯ ಹೊಗೆ ಮೇಲೇರುತ್ತ ತಣಿದಂತೆ ಡಾಂಬರಿನಂಥ ಅಂಟು ಕೊಳವೆಯ ಒಳಮೈಗೆ ಮೆತ್ತಿಕೊಳ್ಳುತ್ತದೆ. ಅದು ದಪ್ಪವಾದಂತೆ ಹೊಗೆಯ ದಾರಿ ಕಿರಿದಾಗುತ್ತದೆ. ಒಂದು ದಿನ ಆ ಅಂಟಿಗೇ ಬೆಂಕಿ ಹತ್ತಿದರೆ ಕೊಳವೆಯೊಳಗಿನ ಉಷ್ಣತೆ 1000 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಗಾರೆ ಉದುರಿ ಬಿರುಕು ಬಿಟ್ಟ ಕೊಳವೆಯಾದರೆ ಬೆಂಕಿ ಛಾವಣಿಯ ಮರಕ್ಕೆ ಹರಡುತ್ತದೆ. ಇದಲ್ಲದೆ ಹಕ್ಕಿಗಳು ಗೂಡು ಕಟ್ಟುತ್ತವೆ, ಇಟ್ಟಿಗೆಯ ಚೂರುಗಳು ಕುಸಿದು ದಾರಿ ಮುಚ್ಚುತ್ತವೆ. ಇದಾವುದೂ ಕೆಳಗೆ ಕುಳಿತು ಚಳಿ ಕಾಯಿಸುವವರಿಗೆ ಕಾಣುವುದಿಲ್ಲ.

ಹೊಸ ಕಾಲದ ದುರಸ್ತಿ ಇನ್ನೊಂದು ತೊಡಕನ್ನು ತಂದಿದೆ. ಶಾಖ ಉಳಿಸಲೆಂದು ಹಳೆಯ ಮನೆಗೆ ಗಾಳಿಯಾಡದ ಹೊಸ ಕಿಟಕಿ ಕೂರಿಸುತ್ತಾರೆ. ಅಡುಗೆಮನೆಗೆ ಹೊಗೆ ಸೆಳೆಯುವ ಯಂತ್ರ ಬರುತ್ತದೆ. ಆ ಯಂತ್ರ ಮನೆಯ ಗಾಳಿಯನ್ನು ಹೊರಗೆಳೆದಾಗ ಅದರ ಜಾಗಕ್ಕೆ ಕಿಟಕಿಯಿಂದ ಗಾಳಿ ಬರಲಾರದೆ ಚಿಮಣಿಯ ಮೂಲಕವೇ ಹೊಗೆ ಹಿಂದಕ್ಕೆ ಇಳಿಯುತ್ತದೆ. ಹೊರದೂಡಬೇಕಾದ ವಿಷವನ್ನು ಮನೆಯೇ ಮರಳಿ ಉಸಿರಾಡಿದಂತೆ! ಹೀಗಾಗಿಯೇ ಚಿಮಣಿ ತಪಾಸಕನ ಕೆಲಸ ಮಸಿ ಗುಡಿಸುವುದಕ್ಕಷ್ಟೇ ಸೀಮಿತವಲ್ಲ. ಕ್ಯಾಮೆರಾ ಇಳಿಸಿ ಬಿರುಕು ಹುಡುಕುವುದು, ಹೊಗೆಯ ಸೆಳೆತ ಅಳೆಯುವುದು, ಅದರಲ್ಲಿರುವ ವಿಷಾನಿಲದ ಪ್ರಮಾಣ ನೋಡುವುದು, ಗಾಳಿ ಬರುವ ದಾರಿ ಪರೀಕ್ಷಿಸುವುದು ಎಲ್ಲವೂ ಅದರಲ್ಲಿ ಸೇರಿವೆ. ಅಮೆರಿಕದ ಅಗ್ನಿ ಸುರಕ್ಷತಾ ಮಾನದಂಡ ಎನ್‌ಎಫ್‌ಪಿಎ 211 ವರ್ಷಕ್ಕೊಮ್ಮೆ ತಪಾಸಣೆ ಆಗಲೇಬೇಕೆನ್ನುತ್ತದೆ. ಮನೆ ಮಾರಾಟವಾಗುವಾಗ ಇನ್ನೂ ಆಳವಾದ ತಪಾಸಣೆಯನ್ನು ಸೂಚಿಸುತ್ತದೆ.

ಕಪ್ಪು ಕೋಟಿನ ಕಾನೂನು

ಜರ್ಮನಿಯಲ್ಲಿ ನೆಲೆಸಿರುವ ಕನ್ನಡಿಗರು ಅನೇಕರು ಬಾಡಿಗೆ ಮನೆಯ ಬಾಗಿಲಲ್ಲಿ ಒಂದು ಚೀಟಿಯನ್ನು ಕಂಡಿರಬಹುದು. ಇಂಥ ದಿನ, ಇಂಥ ಹೊತ್ತಿಗೆ ಚಿಮಣಿ ತಪಾಸಕರು ಬರುತ್ತಾರೆ, ಮನೆಯಲ್ಲಿರಿ ಎಂಬುದು ಅದರ ಒಕ್ಕಣೆ. ಅದು ವಿನಂತಿಯಂತೆ ಕಂಡರೂ ಅದರ ಹಿಂದೆ ಕಾನೂನಿನ ಬಲವಿದೆ. ಮನೆಯ ಖಾಸಗಿತನವನ್ನು ಸಂವಿಧಾನದ ಹಕ್ಕಾಗಿ ಕಾಪಾಡುವ ಆ ದೇಶ, ಚಿಮಣಿ ತಪಾಸಣೆಯ ಮಟ್ಟಿಗೆ ಆ ಹಕ್ಕನ್ನು ಕಾನೂನಿನ ಮೂಲಕವೇ ಮಿತಿಗೊಳಿಸಿದೆ.

ದೇಶವನ್ನು ಸಾವಿರಾರು ವಲಯಗಳಾಗಿ ವಿಂಗಡಿಸಿ ಪ್ರತಿ ವಲಯಕ್ಕೂ ಒಬ್ಬ ಅಧಿಕೃತ ತಪಾಸಕರನ್ನು ನೇಮಿಸಲಾಗಿದೆ. ಅವರ ಅವಧಿ ಏಳು ವರ್ಷ. ಆ ಅವಧಿಯಲ್ಲಿ ಎರಡು ಬಾರಿ ಅವರು ತಮ್ಮ ವಲಯದ ಒಲೆ, ಬಾಯ್ಲರ್, ಹೊಗೆಕೊಳವೆಗಳನ್ನು ಖುದ್ದಾಗಿ ನೋಡಬೇಕು. ನೋಡಿದ ನಂತರ ಯಾವ ಕೆಲಸ, ಯಾವ ಗಡುವಿನೊಳಗೆ ಆಗಬೇಕೆಂದು ಮಾಲೀಕರಿಗೆ ಲಿಖಿತ ಆದೇಶ ಕೊಡುತ್ತಾರೆ. ಸೌದೆ ಒಲೆಯ ಬಳಕೆ ಎಷ್ಟೆಂಬುದನ್ನು ನೋಡಿ ವರ್ಷಕ್ಕೆ ಒಂದರಿಂದ ನಾಲ್ಕು ಬಾರಿ ಚಿಮಣಿ ಗುಡಿಸಬೇಕಾಗುತ್ತದೆ. ಕೆಲಸ ಮಾಡಿಸದ ಮಾಲೀಕರ ಮನೆಯಲ್ಲಿ ಸರಕಾರವೇ ಮಾಡಿಸಿ ವೆಚ್ಚವನ್ನು ಅವರಿಂದಲೇ ವಸೂಲು ಮಾಡಬಹುದು. ಹೊಸ ಒಲೆ ಹಾಕಿಸಿದರೂ ತಪಾಸಕರು ಒಪ್ಪಿದ ಮೇಲೆಯೇ ಅದನ್ನು ಹೊತ್ತಿಸಬೇಕು. ಈ ಕಸುಬಿಗೆ ಮೂರು ವರ್ಷದ ತರಬೇತಿಯಿದೆ, ಅದರ ಮೇಲೆ ಪರಿಣತರ ಪರೀಕ್ಷೆಯಿದೆ.

ಈ ವ್ಯವಸ್ಥೆಗೆ ಟೀಕೆಯೂ ಕಡಿಮೆಯಿರಲಿಲ್ಲ. ಹಿಂದೆ ಒಂದು ವಲಯದ ಎಲ್ಲ ಮನೆಗಳೂ ಒಬ್ಬನೇ ಪರಿಣತನ ಪಾಲು. ಗುಡಿಸುವವನೂ ಅವನೇ, ಪರೀಕ್ಷಿಸುವವನೂ ಅವನೇ, ಶುಲ್ಕ ಪಡೆಯುವವನೂ ಅವನೇ. ಈ ಏಕಸ್ವಾಮ್ಯ ಐರೋಪ್ಯ ಒಕ್ಕೂಟದ ಮುಕ್ತ ವೃತ್ತಿಯ ನಿಯಮಗಳಿಗೆ ವಿರುದ್ಧವೆಂದು ಐರೋಪ್ಯ ಆಯೋಗ ಆಕ್ಷೇಪಿಸಿತು. ಅದರ ಫಲವಾಗಿ 2008ರಲ್ಲಿ ಹೊಸ ಕಾನೂನು ಬಂತು. 2013ರ ಜನವರಿ 1ರಿಂದ ಗುಡಿಸುವ, ಅಳೆಯುವ ಕೆಲಸಗಳಿಗೆ ಮಾಲೀಕರು ತಮಗೆ ಬೇಕಾದ ಅರ್ಹ ಪರಿಣತರನ್ನು ಕರೆಯಬಹುದು. ಆದರೆ ಮೇಲ್ವಿಚಾರಣೆ ಮಾತ್ರ ಅಧಿಕೃತ ತಪಾಸಕರ ಕೈಯಲ್ಲೇ ಉಳಿಯಿತು. ಸೇವೆಯನ್ನು ಮಾರುಕಟ್ಟೆಗೆ ಬಿಟ್ಟರು, ಹೊಣೆಯನ್ನು ಬಿಡಲಿಲ್ಲ. ಈ ಸುಧಾರಣೆಯ ಸಾರವೇ ಇದು. ಮೇಲ್ವಿಚಾರಣೆ ಮಾಡುವವರೇ ಗುಡಿಸುವ ಕೆಲಸವನ್ನೂ ವಹಿಸಿಕೊಳ್ಳಬಹುದೆಂಬ ಕಾರಣಕ್ಕೆ ಹಿತಾಸಕ್ತಿಯ ಘರ್ಷಣೆಯ ಪ್ರಶ್ನೆ ಪೂರ್ತಿ ನಿವಾರಣೆಯಾಗಿಲ್ಲ ಎಂಬುದೂ ನಿಜ.

ಈ ಕಸುಬು ಹಳೆಯದಾದರೂ ಅದರ ಕೆಲಸ ಮುಗಿದಿಲ್ಲ. ರಷ್ಯಾ 2022ರಲ್ಲಿ ಉಕ್ರೇನಿನ ಮೇಲೆ ದಾಳಿ ಮಾಡಿ ಅನಿಲ ಪೂರೈಕೆ ಕುಸಿದಾಗ ಜರ್ಮನಿಯ ಜನ ಸೌದೆ ಒಲೆಗಳಿಗೆ ಮುಗಿಬಿದ್ದರು. ವರ್ಷಗಟ್ಟಲೆ ಬಳಸದ ಹಳೆಯ ಚಿಮಣಿಗಳನ್ನು ಮತ್ತೆ ಹೊತ್ತಿಸುವ ಮುನ್ನ ಪರೀಕ್ಷಿಸಬೇಕಾದ ಹೊರೆ ಇದೇ ತಪಾಸಕರ ಮೇಲೆ ಬಿತ್ತು. 1995ರಿಂದ 2010ರ ಮಾರ್ಚ್‌ವರೆಗಿನ ಒಲೆಗಳು ಹೊಗೆಯ ಹೊಸ ಮಿತಿಗೆ ಒಳಪಡಬೇಕು, ಇಲ್ಲವೇ ದುರಸ್ತಿಯಾಗಬೇಕು ಅಥವಾ ಆರಬೇಕು ಎಂಬ ಗಡುವು 2024ರ ಡಿಸೆಂಬರ್ 31ಕ್ಕೆ ಮುಗಿದಾಗಲೂ ಮನೆ ಮನೆಯ ಲೆಕ್ಕ ನೋಡುವ ಕೆಲಸ ಅವರದೇ ಆಯಿತು.

ಬ್ರಿಟನ್ನಿನ ಕಹಿ ಪಾಠ

ಬ್ರಿಟನ್ನಿನಲ್ಲಿ ಈ ಕಸುಬಿನ ಇತಿಹಾಸ ಮಕ್ಕಳ ನೋವಿನಿಂದ ಬರೆದದ್ದು. ಕಿರಿದಾದ ಕೊಳವೆಗಳೊಳಗೆ ಪುಟ್ಟ ಹುಡುಗರನ್ನು ಹತ್ತಿಸಿ ಮಸಿ ಗುಡಿಸುತ್ತಿದ್ದರು. ಅವರಲ್ಲಿ ಕಾಣಿಸಿಕೊಳ್ಳುತ್ತಿದ್ದ ವೃಷಣಚೀಲದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ತೋರಿಸಿದರು. ವೃತ್ತಿಯಿಂದ ಬರುವ ಕ್ಯಾನ್ಸರನ್ನು ಗುರುತಿಸಿದ್ದು ಅದೇ ಮೊದಲು. 1788ರಿಂದ ಒಂದರ ಹಿಂದೊಂದು ಕಾನೂನು ಬಂದರೂ ಜಾರಿಗೊಳಿಸುವವರಿಲ್ಲದೆ ಅವು ಕಾಗದದಲ್ಲೇ ಉಳಿದವು. 1875ರಲ್ಲಿ ಕೇಂಬ್ರಿಜ್ ಸಮೀಪದ ಫುಲ್‌ಬರ್ನ್ ಆಸ್ಪತ್ರೆಯ ಹೊಗೆಕೊಳವೆಯಲ್ಲಿ ಸಿಲುಕಿ ಜಾರ್ಜ್ ಬ್ರೂಸ್ಟರ್ ಎಂಬ ಬಾಲಕ ಸತ್ತ ಮೇಲೆಯೇ, ಲಾರ್ಡ್ ಶಾಫ್ಟ್ಸ್‌ಬರಿ ಅವರ ಒತ್ತಾಯದಿಂದ, ಪೊಲೀಸರ ಪರವಾನಗಿ ಕಡ್ಡಾಯ ಮಾಡುವ ಕಾಯಿದೆ ಬಂತು. ಹಿಂದಿನ ಕಾನೂನುಗಳು ತಡೆಯಲಾರದ್ದನ್ನು ಪರವಾನಗಿ ತಡೆಯಿತು. ನಿಷೇಧಕ್ಕಿಂತ ನೋಂದಣಿ ಮತ್ತು ಮೇಲ್ವಿಚಾರಣೆಗೆ ಹೆಚ್ಚು ಬಲವಿದೆ ಎಂಬುದಕ್ಕೆ ಇದು ಸಾಕ್ಷಿ.

ಇಂದು ಅಲ್ಲಿ ಸ್ವಂತ ಮನೆಯವರು ಚಿಮಣಿ ಗುಡಿಸಲೇಬೇಕೆಂಬ ಜರ್ಮನ್ ಮಾದರಿಯ ಕಾನೂನಿಲ್ಲ. ಆದರೆ ಬಾಡಿಗೆದಾರರ ವಿಷಯದಲ್ಲಿ ಕಾನೂನು ಕಟ್ಟುನಿಟ್ಟು. 1998ರ ಅನಿಲ ಸುರಕ್ಷತಾ ನಿಯಮಗಳ ಪ್ರಕಾರ ಮನೆಯ ಒಡೆಯರು ತಾವು ಒದಗಿಸಿದ ಅನಿಲ ಉಪಕರಣಗಳನ್ನೂ ಅವುಗಳ ಹೊಗೆಕೊಳವೆಗಳನ್ನೂ 12 ತಿಂಗಳಿಗೊಮ್ಮೆ ನೋಂದಾಯಿತ ತಂತ್ರಜ್ಞರಿಂದ ಪರೀಕ್ಷಿಸಿ, ಅದರ ದಾಖಲೆಯನ್ನು ಬಾಡಿಗೆದಾರರಿಗೆ ಕೊಡಬೇಕು.

ನಮ್ಮ ಮನೆಯ ಮಾತು

ಇದೆಲ್ಲ ಚಳಿ ದೇಶಗಳ ಚಿಂತೆ, ನಮಗೇಕೆ ಎನ್ನುವಂತಿಲ್ಲ. ನಮ್ಮ ಹಿರಿಯರ ಬಚ್ಚಲುಮನೆಯಲ್ಲಿ ಹಂಡೆಯ ಒಲೆ ಉರಿಯುತ್ತಿತ್ತು. ಹೊಗೆ ಹೆಂಚಿನ ಸಂದಿನಿಂದಲೋ ಗವಾಕ್ಷಿಯಿಂದಲೋ ಹೊರಹೋಗುತ್ತಿತ್ತು. ಕಣ್ಣು ಉರಿಯುತ್ತಿತ್ತು, ಗೋಡೆ ಮಸಿಯಾಗುತ್ತಿತ್ತು, ಆದರೂ ಗಾಳಿಗೆ ದಾರಿಯಿತ್ತು. ಹೆಂಚು ಹೋಗಿ ಆರ್‌ಸಿಸಿ ಬಂತು, ಬಚ್ಚಲು ಹೋಗಿ ಕಿಟಕಿಯೂ ಸರಿಯಾಗಿಲ್ಲದ ಪುಟ್ಟ ಸ್ನಾನದ ಕೋಣೆ ಬಂತು. ಹಂಡೆಯ ಜಾಗದಲ್ಲಿ ಗ್ಯಾಸ್ ಗೀಸರ್ ಕುಳಿತಿತು. ಬೆಂಕಿ ಉಳಿಯಿತು, ಹೊಗೆಯ ದಾರಿ ಮಾಯವಾಯಿತು. ನಗರವಾಸಿಗಳಿಗೆ ಇಂದು 'ಚಿಮ್ನಿ' ಎಂದರೆ ಅಡುಗೆಮನೆಯ ವಿದ್ಯುತ್ ಯಂತ್ರ ಮಾತ್ರ. ಗೀಸರಿಗೂ ಹೊಗೆಕೊಳವೆ ಬೇಕೆಂಬುದು ಅನೇಕರಿಗೆ ತಿಳಿದೇ ಇಲ್ಲ.

ಚಿಮಣಿ ಕೊಟ್ಟರಷ್ಟೇ ಸಾಲದು ಎಂಬುದನ್ನು ನಮ್ಮ ಅನುಭವವೇ ಹೇಳಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರ, ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿ ರಾಜ್ಯದ ಹಳ್ಳಿಗಳಿಗೆ ಪರಿಚಯಿಸಿತು. 1980ರ ದಶಕದಲ್ಲಿ ಕೇಂದ್ರ ಸರಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಕೈಗೊಂಡಿತು. ಕೋಟಿಗಟ್ಟಲೆ ಒಲೆಗಳು ಹಂಚಿಕೆಯಾದರೂ ನಿರ್ವಹಣೆ ಸೊರಗಿ 2002ರಲ್ಲಿ ಆ ಕಾರ್ಯಕ್ರಮವೇ ನಿಂತಿತು. ಅನಂತರ ಒಡಿಶಾದಲ್ಲಿ ಚಿಮಣಿ ಒಲೆಗಳನ್ನು ಪಡೆದ ಕುಟುಂಬಗಳನ್ನು ನಾಲ್ಕು ವರ್ಷ ಅಧ್ಯಯನ ಮಾಡಿದ ರೆಮಾ ಹಾನ್ನಾ, ಎಸ್ತರ್ ಡುಫ್ಲೋ ಮತ್ತು ಮೈಕೇಲ್ ಗ್ರೀನ್‌ಸ್ಟೋನ್ ಅವರು ಕಂಡದ್ದೂ ಇದನ್ನೇ. ಮೊದಲ ವರ್ಷ ಹೊಗೆಯ ಸೇವನೆ ಇಳಿಯಿತು, ಎರಡನೆಯ ವರ್ಷದ ಹೊತ್ತಿಗೆ ಆ ಲಾಭ ಕರಗಿತು. ಒಲೆಗಳನ್ನು ಸರಿಯಾಗಿ ಬಳಸಿರಲಿಲ್ಲ, ದುರಸ್ತಿ ಮಾಡಿಸಿರಲಿಲ್ಲ. ಕೊಳವೆ ಕಟ್ಟುವುದು ಒಂದು ದಿನದ ಕೆಲಸ, ಅದನ್ನು ತೆರೆದಿಡುವುದು ದಿನನಿತ್ಯದ ಕೆಲಸ.

ಮಾಡಬಹುದಾದದ್ದೇನು?

ಜರ್ಮನಿಯಂತೆ ಮನೆ ಮನೆಗೆ ತಪಾಸಕರನ್ನು ನೇಮಿಸುವ ಕಾನೂನು ನಮ್ಮಲ್ಲಿ ಕೂಡಲೇ ಬರಲಾರದು, ಬರಬೇಕಾಗಿಯೂ ಇಲ್ಲ. ಈಗಾಗಲೇ ಇರುವ ವ್ಯವಸ್ಥೆಯನ್ನೇ ವಿಸ್ತರಿಸಬಹುದು. ಎಲ್‌ಪಿಜಿ ವಿತರಕರು ಗ್ರಾಹಕರ ಮನೆಗಳಲ್ಲಿ ನಿಗದಿತ ಅವಧಿಗೊಮ್ಮೆ ಸುರಕ್ಷತಾ ತಪಾಸಣೆ ನಡೆಸುವ ಪದ್ಧತಿಯಿದೆ. ಅದರ ಗಮನವೆಲ್ಲ ಒಲೆ, ರೆಗ್ಯುಲೇಟರ್, ರಬ್ಬರ್ ಕೊಳವೆಗಳ ಮೇಲೆ. ಅದೇ ಪಟ್ಟಿಗೆ ಮೂರು ಪ್ರಶ್ನೆ ಸೇರಿಸಿದರೆ ಸಾಕು. ಗೀಸರ್ ಎಲ್ಲಿದೆ? ಅದರ ಹೊಗೆ ಎಲ್ಲಿಗೆ ಹೋಗುತ್ತದೆ? ಗಾಳಿ ಎಲ್ಲಿಂದ ಬರುತ್ತದೆ?

ಎರಡನೆಯದು ಬಾಡಿಗೆ ಮನೆಗಳ ವಿಷಯ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಗೀಸರ್ ಅಳವಡಿಸುವವರು ಮನೆಯ ಒಡೆಯರು, ಅದರಡಿ ಸ್ನಾನ ಮಾಡುವವರು ಬಾಡಿಗೆದಾರರು. ಜಾಗ ಬದಲಿಸುವ, ಗೋಡೆ ಕೊರೆದು ಕೊಳವೆ ಹಾಕುವ ಅಧಿಕಾರ ಬಾಡಿಗೆದಾರರಿಗಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುವ ಹೊಣೆಯನ್ನು ಒಡೆಯರ ಮೇಲೆ ಹೊರಿಸಿ ಬಾಡಿಗೆ ಕರಾರಿನಲ್ಲಿಯೇ ಅದನ್ನು ಬರೆಯಿಸಬೇಕು. ಕೊಡಗು, ಚಿಕ್ಕಮಗಳೂರುಗಳ ಹಳೆಯ ಬಂಗಲೆಗಳಲ್ಲಿ ಅತಿಥಿಗಳಿಗಾಗಿ ಅಗ್ಗಿಷ್ಟಿಕೆ ಹೊತ್ತಿಸುವವರಿಗೂ ಚಿಮಣಿ ತಪಾಸಣೆ ಪರವಾನಗಿಯ ಷರತ್ತಾಗಬೇಕು. ಮೂರನೆಯದಾಗಿ, ಗೀಸರ್ ಜೋಡಿಸುವ ಕೆಲಸ ತರಬೇತಿಯ ಕೆಲಸವಾಗಬೇಕು. ಐಟಿಐಗಳಲ್ಲಿ ಇದನ್ನು ಕಲಿಸಿ ಪ್ರಮಾಣಪತ್ರ ಕೊಟ್ಟರೆ ಯುವಕರಿಗೆ ಒಂದು ಕಸುಬೂ ಆಗುತ್ತದೆ.

ಸರಕಾರ ಏಳುವವರೆಗೆ ಓದುಗರು ಕಾಯಬೇಕಾಗಿಲ್ಲ. ಗ್ಯಾಸ್ ಗೀಸರ್ ಸ್ನಾನದ ಕೋಣೆಯ ಹೊರಗೆ, ತೆರೆದ ಗಾಳಿಯಲ್ಲಿರಲಿ. ಒಳಗೆ ಬರಬೇಕಾದ್ದು ಬಿಸಿನೀರಿನ ಕೊಳವೆ ಮಾತ್ರ. ಎಕ್ಸಾಸ್ಟ್ ಫ್ಯಾನ್ ಇದೆಯೆಂದು ನೆಚ್ಚಿಕೊಳ್ಳಬಾರದು. ಗಾಳಿ ಬರುವ ದಾರಿಯಿಲ್ಲದಿದ್ದರೆ ಅದೇ ಹೊಗೆಯನ್ನು ಒಳಕ್ಕೆ ಸೆಳೆಯಬಲ್ಲುದು. ಜ್ವಾಲೆ ನೀಲಿಯ ಬದಲು ಹಳದಿಯಾಗಿದ್ದರೆ ತಂತ್ರಜ್ಞರನ್ನು ಕರೆಯಬೇಕು. ಕಾರ್ಬನ್ ಮೊನಾಕ್ಸೈಡ್ ಸೂಚಕ ಇಟ್ಟುಕೊಳ್ಳುವುದು ಒಳ್ಳೆಯದು. ಬೆಂಕಿ ಇರುವಲ್ಲಿ ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು ಬಂದರೆ ಕಾರಣ ಹುಡುಕುತ್ತ ಕೂರದೆ ಹೊರಗೆ ಬರಬೇಕು.

ಬೆಂಕಿಯನ್ನು ಮನೆಯೊಳಗೆ ತಂದ ಮನುಷ್ಯ ಹೊಗೆಗೆ ದಾರಿ ಮಾಡಿಕೊಟ್ಟ. ಆ ದಾರಿಯನ್ನು ಕಾಯಲು ಕೆಲವು ಸಮಾಜಗಳು ಒಬ್ಬನನ್ನು ನೇಮಿಸಿಕೊಂಡವು. ನಮ್ಮಲ್ಲಿ ಆ ಸ್ಥಾನ ಇನ್ನೂ ಖಾಲಿಯಿದೆ. ಮುಂದಿನ ಚಳಿಗಾಲದೊಳಗೆ ಅದನ್ನು ತುಂಬುವ ಮೊದಲ ಹೆಜ್ಜೆಯನ್ನಾದರೂ ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆ, ತೈಲ ಕಂಪನಿಗಳು ಮತ್ತು ನಗರಾಡಳಿತಗಳು ಕೂಡಿ ಇಡಲಿ.