ಗಾಲಿ ಸೊಟ್ಟಾತಂತ ಸೈಕಲ್ ಮೂಲಿಗೆ ಹಾಕಬ್ಯಾಡ್ರಿ

ಬೈಲಹೊಂಗಲ, ಸವದತ್ತಿ ಕಡೆ ಹಳ್ಳ್ಯಾಗ ಎಷ್ಟೋ ದನದ ಕೊಟ್ಟಿಗ್ಯಾಗ ಸರ್ಕಾರಿ ಸೈಕಲ್ ತುಕ್ಕು ಹಿಡದು ನಿಂತಾವ. 2006-07ರಿಂದ ಎಂಟನೇ ಇಯತ್ತೆ ಮಕ್ಕಳಿಗೆ ಕೊಟ್ಟವು. 2020ರ ಕೊರೊನಾ ಕಾಲಕ್ಕ ಹಂಚೋದು ನಿಂತಿತು. ಇದ್ದದ್ದನ್ನರ ಓಡಸ್ರಿ ಅಂದ್ರ, "ಹಿಂದಿನ ಗಾಲಿ ಸೊಟ್ಟ ಆಗೇತ್ರಿ, ಹೊಸಾದು ಹಾಕಬೇಕಂತ" ಅಂತಾರ.

ಯಾರು ಹೇಳಿದ್ರು? ಗಾಲಿ ಸೊಟ್ಟಾದ್ರ ರಿಮ್ ಕೆಟ್ಟೈತಿ ಅಂತಲ್ಲ. ಮೇವಿನ ಹೊರೆ ಹೇರಿ ಒಂದು ಬಾಜೂದ ನಾಕು ಕಡ್ಡಿ ಮುರದ್ರ, ಎದುರಿನ ಕಡ್ಡಿ ರಿಮ್ಮನ್ನ ತಮ್ಮ ಕಡೆ ಎಳೀತಾವ. ಪರೀಕ್ಷೆ ಸರಳ: ಕಡ್ಡಿ ಎಲ್ಲಾ ಸಡಿಲ ಮಾಡಸ್ರಿ. ರಿಮ್ ತಾನ ನೆಟ್ಟಗಾದ್ರ ಹೊಸ ಕಡ್ಡಿ ಹಾಕಿ ಬಿಗಿ ಮಾಡಿದ್ರ ಸಾಕು. ಆಗಲೂ ಸೊಟ್ಟ ಇದ್ರ, ಇಲ್ಲಾ ಕಡ್ಡಿ ತೂತಿನ ಹತ್ರ ಸೀಳಿದ್ರ, ರಿಮ್ ಬದಲ ಮಾಡ್ರಿ. ಅದನ್ನ ಬಡದು ಓಡಸೋದು ಜೀವಕ್ಕ ಕುತ್ತು. ಹಬ್ ಚಲೋ ಇದ್ರ ಅದನ್ನ ಮಾತ್ರ ಒಗೀಬ್ಯಾಡ್ರಿ.

ಚಕ್ಕಡಿ ಗಾಲಿ ಹಳಿ ಸಡಿಲಾದ್ರ ಹಿರ್ಯಾರು ಹಳಿ ಕಾಸಿ ಕೂಡಸತಿದ್ರು, ಗಾಲಿ ಒಗೀತಿದ್ದಿಲ್ಲ. ನಾವು ಬೆಂಡ್ ತೆಗೆಯೋ ಮುದುಕಗ ಕೂಲಿ ಕೊಡಾಕ ಚೌಕಾಶಿ ಮಾಡ್ತೀವಿ, ಹೊಸ ಗಾಲಿಗೆ ಬಾಯಿ ಮುಚ್ಚಿ ರೊಕ್ಕ ಎಣಸ್ತೀವಿ. ಆ ಮುದುಕನೂ ಅಂಗಡಿ ಮುಚ್ಚಿದ್ರ ನಾಳೆ ಯಾರ ಹತ್ರ ಹೋಗೋಣು? ಬಸ್ ತಪ್ಪಿದ ದಿನ ಮಗಳ ಹೈಸ್ಕೂಲ್ ತಪ್ಪೂದು ನಾಕು ಕಡ್ಡಿ ಸಲುವಾಗಿ, ತಿಳೀರಿ.