ಗೋಡೆಯ ಉದ್ದವಲ್ಲ, ಊರಿನ ಸುರಕ್ಷೆ ಮುಖ್ಯ

ಮಲಪ್ರಭೆ ಬರದ ನಾಡಿನ ನದಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ಹೊಳೆ ವರ್ಷದ ಬಹುಭಾಗ ಸೊರಗಿಯೇ ಇರುತ್ತದೆ. ಇದೇ ಹೊಳೆ 2009ರಲ್ಲಿಯೂ 2019ರಲ್ಲಿಯೂ ರಾಮದುರ್ಗ, ನರಗುಂದ, ಬಾದಾಮಿ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿತು. ಪಟ್ಟದಕಲ್ಲಿನ ದೇಗುಲಗಳ ಅಂಗಳವೂ ಜಲಾವೃತವಾಯಿತು. 2009ರ ಮಳೆ ಮತ್ತು ನೆರೆಗೆ ರಾಜ್ಯದಲ್ಲಿ ಬಲಿಯಾದವರು ಇನ್ನೂರಕ್ಕೂ ಹೆಚ್ಚು ಮಂದಿ. ನೆರೆ ಇಳಿದೊಡನೆ ತಡೆಗೋಡೆಯ, ಸ್ಥಳಾಂತರದ ಮಾತು ಕೇಳಿಬರುತ್ತದೆ. ಆ ಕಾಮಗಾರಿಗಳ ಪ್ರಗತಿಯನ್ನು ನಾವು ಅಳೆಯುವ ಬಗೆ ಸರಿಯೇ ಎಂಬುದೇ ಪ್ರಶ್ನೆ.

ಸರ್ಕಾರಿ ಪ್ರಗತಿ ಪರಿಶೀಲನೆಯಲ್ಲಿ ಎರಡು ಅಂಕಣಗಳಿರುತ್ತವೆ: ಭೌತಿಕ ಮತ್ತು ಆರ್ಥಿಕ. ರಸ್ತೆಯ ಕೆಲಸ ಶೇ 70ರಷ್ಟು ಮುಗಿದರೆ ಅಷ್ಟು ದೂರವಾದರೂ ಗಾಡಿ ಓಡೀತು. ತಡೆಗೋಡೆಗೆ ಈ ಲೆಕ್ಕ ಹೊಂದದು. ಭೂಸ್ವಾಧೀನದ ತಕರಾರಿನಿಂದ ಒಂದೇ ಕಡೆ ಗೋಡೆ ನಿಂತುಹೋದರೂ ಹೊಳೆ ಆ ಕಂಡಿಯಿಂದಲೇ ಊರು ಹೊಗುತ್ತದೆ. ಕೆಲಸಕ್ಕೆ ಅನುಕೂಲವಾದ ಕಾಲ ಜನವರಿಯಿಂದ ಮೇ ತಿಂಗಳವರೆಗೆ ಮಾತ್ರ. ಟೆಂಡರು, ಮಂಜೂರಾತಿಗಳಲ್ಲಿ ಅದು ಕಳೆದುಹೋದರೆ ಅರೆಬರೆ ಗೋಡೆಯೊಂದಿಗೆ ಊರು ಮತ್ತೊಂದು ಮಳೆಗಾಲವನ್ನು ಎದುರಿಸಬೇಕು.

ಗೋಡೆ ಪೂರ್ಣಗೊಂಡರೂ ನಿಶ್ಚಿಂತೆಯಿಲ್ಲ. ಊರೊಳಗೆ ಬಿದ್ದ ಮಳೆ ಹೊರಹೋಗಲು ಬಾಗಿಲುಳ್ಳ ತೂಬುಗಳಿಲ್ಲದಿದ್ದರೆ ರಕ್ಷಣೆಯ ಗೋಡೆಯೇ ಕೆರೆಯ ಏರಿಯಾಗುತ್ತದೆ. ನಿರ್ವಹಣೆ ತಪ್ಪಿದ ಏರಿ ಏನು ಮಾಡಬಲ್ಲುದೆಂಬುದನ್ನು 2008ರಲ್ಲಿ ಕೋಸಿ ನದಿ ತೋರಿಸಿತು. ನೇಪಾಳದ ಕುಸಹಾ ಬಳಿ ಏರಿ ಒಡೆದು ಬಿಹಾರದ ಲಕ್ಷಾಂತರ ಜನ ನಿರಾಶ್ರಿತರಾದರು.

ಮಲಪ್ರಭೆಯ ಸಮಸ್ಯೆಗೆ ಇನ್ನೊಂದು ಮುಖವಿದೆ. ನವಿಲುತೀರ್ಥದ ಅಣೆಕಟ್ಟೆಯ ಕೆಳಗೆ ವರ್ಷಗಟ್ಟಲೆ ನೀರು ಕಡಿಮೆಯಾಗಿದ್ದಾಗ ಹೊಲಗಳು ಪಾತ್ರದೊಳಕ್ಕೆ ಸರಿದವು, ಜಾಲಿ ಬೆಳೆಯಿತು. ಜಲಾಶಯ ತುಂಬಿ ಒಮ್ಮೆಲೇ ನೀರು ಬಿಟ್ಟಾಗ ಕಿರಿದಾದ ಪಾತ್ರ ಅದನ್ನು ಹೊರಲಾರದು. ನದಿಯ ಸರಹದ್ದನ್ನು ಅಳೆದು ಕಲ್ಲು ನೆಡದೆ ಗೋಡೆ ಕಟ್ಟುವುದು ರೋಗವನ್ನು ಬಿಟ್ಟು ಲಕ್ಷಣಕ್ಕೆ ಮದ್ದು ಮಾಡಿದಂತೆ. ಒತ್ತುವರಿ ತೆರವಾಗಬೇಕು; ಅದರಲ್ಲಿ ಬದುಕು ಕಂಡುಕೊಂಡ ಸಣ್ಣ ಹಿಡುವಳಿದಾರನಿಗೆ ಪರ್ಯಾಯವೂ ಸಿಗಬೇಕು.

ಸ್ಥಳಾಂತರದ ಅನುಭವವೂ ಪಾಠವೇ. 2009ರ ನಂತರ ‘ಆಸರೆ’ ಮನೆಗಳು ಎದ್ದರೂ ಅನೇಕರು ಹಳೆಯ ಊರನ್ನು ಬಿಡಲಿಲ್ಲ. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಬಣವೆಗೆ ಹಿತ್ತಿಲಿಲ್ಲ. ಇದನ್ನು ಹಠವೆಂದು ತಳ್ಳಿಹಾಕಲಾಗದು; ಇದು ಒಕ್ಕಲುತನದ ಲೆಕ್ಕಾಚಾರ.

ಹಣದ ದಾರಿ ಮುಚ್ಚಿರಲಿಲ್ಲ. 2021–26ರ ಅವಧಿಗೆ 15ನೇ ಹಣಕಾಸು ಆಯೋಗವು ರಾಜ್ಯಗಳ ವಿಪತ್ತು ನಿಧಿಯ ಶೇ 20ರಷ್ಟನ್ನು ಹಾನಿ ತಗ್ಗಿಸುವ ಕೆಲಸಗಳಿಗೇ ಮೀಸಲಿಟ್ಟಿತು. ಆದರೆ ಪರಿಹಾರದ ಚೆಕ್ ಹಂಚಿದವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಬಾರದೆ ಹೋದ ನೆರೆಯ ಶ್ರೇಯಸ್ಸು ಯಾರಿಗೂ ದೊರೆಯುವುದಿಲ್ಲ. ಮುಂಜಾಗ್ರತೆ ಹಿಂದುಳಿಯುವುದು ಇದೇ ಕಾರಣಕ್ಕೆ.

ಆದ್ದರಿಂದ ಪ್ರತಿವರ್ಷ ಏಪ್ರಿಲ್ ಅಂತ್ಯದೊಳಗೆ ನದಿದಂಡೆಯ ಪ್ರತಿ ಗ್ರಾಮಸಭೆಯ ಮುಂದೆ ನಾಲ್ಕು ಉತ್ತರಗಳನ್ನು ಇಡುವುದು ಕಡ್ಡಾಯವಾಗಲಿ: ಗೋಡೆಯಲ್ಲಿ ಕಂಡಿ ಎಲ್ಲಿ ಉಳಿದಿದೆ, ತೂಬಿನ ಬಾಗಿಲು ನೋಡಿಕೊಳ್ಳುವವರು ಯಾರು, ಪಾತ್ರದ ಅಳತೆ ಎಲ್ಲಿಗೆ ಬಂತು, ಹಕ್ಕುಪತ್ರ ಸಿಗದವರು ಎಷ್ಟು ಮಂದಿ. ಈ ಉತ್ತರಗಳಿಗೆ ಜಲಸಂಪನ್ಮೂಲ ಮತ್ತು ಕಂದಾಯ ಇಲಾಖೆಗಳೆರಡೂ ಸಹಿ ಹಾಕಲಿ. ಖರ್ಚಾದ ಹಣದ ಪಟ್ಟಿಯನ್ನು ಆಮೇಲೆ ಓದಿದರೂ ಸಾಕು.