ರಣಜಿ ಪಂದ್ಯದ ಅರ್ಧಜರತೀಯ ನ್ಯಾಯ

ಕ್ರೀಡೆಯಲ್ಲಿ ಸೋಲು ಅವಮಾನಕರವಲ್ಲ. ಸೋಲದವನನ್ನು ಸೋತವನೆಂದು ಬರೆದಿಡುವುದು ಅನ್ಯಾಯ. ರಣಜಿ ಟ್ರೋಫಿ ಕ್ರಿಕೆಟ್ಟಿನ ನಾಕೌಟ್ ಪಂದ್ಯವು ಡ್ರಾ ಆದಾಗ ಮೊದಲನೆಯ ಇನಿಂಗ್ಸಿನ ಮುನ್ನಡೆಯಿಂದಲೇ ಜಯವನ್ನು ನಿರ್ಣಯಿಸುವ ನಿಯಮವು ಇಂತಹುದು.

1982ರ ಫೈನಲಿನಲ್ಲಿ ಕರ್ನಾಟಕವು 705 ರನ್ನು ಗಳಿಸಿತು. ದೆಹಲಿಯು 8 ವಿಕೆಟ್ಟಿಗೆ 707 ಗಳಿಸಿ ಟ್ರೋಫಿಯನ್ನು ಒಯ್ದಿತು. ಇದು ಕನ್ನಡಿಗರ ಹೊಟ್ಟೆಯುರಿಯ ಮಾತಲ್ಲ. 1974ರ ಸೆಮಿಫೈನಲಿನಲ್ಲಿ ಕರ್ನಾಟಕವು ಬೊಂಬಾಯಿಯನ್ನು ದಾಟಿದುದೂ ಇದೇ ನಿಯಮದ ಬಲದಿಂದ. 2025ರ ಕ್ವಾರ್ಟರ್‌ಫೈನಲಿನಲ್ಲಿ ಜಮ್ಮು-ಕಾಶ್ಮೀರದ 280ಕ್ಕೆ ಪ್ರತಿಯಾಗಿ ಕೇರಳವು 281 ಗಳಿಸಿತು. ಎರಡನೆಯ ಇನಿಂಗ್ಸಿನಲ್ಲಿ ಜಮ್ಮು-ಕಾಶ್ಮೀರವು 9 ವಿಕೆಟ್ಟಿಗೆ 399 ಗಳಿಸಿದುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು; ಕೇರಳಕ್ಕೆ ಔಟಾಗದೆ ಕಾಲ ಕಳೆದರೆ ಸಾಕಾಯಿತು. ಗೆಲ್ಲಲು ಯತ್ನಿಸದವನಿಗೆ ಗೆಲುವನ್ನು ಕೊಡುವ ನಿಯಮವು ಆಟಕ್ಕೇ ದ್ರೋಹವು.

ಯಾರಾದರೊಬ್ಬರು ಮುಂದಕ್ಕೆ ಹೋಗಬೇಡವೇ ಎಂದು ಆಕ್ಷೇಪಿಸುವರು. ಹೋಗಲಿ, ಎರಡೂ ಇನಿಂಗ್ಸುಗಳ ಲೆಕ್ಕದಿಂದ ಹೋಗಲಿ. ಫೈನಲಾದರೋ, ಟ್ರೋಫಿಯನ್ನು ಇಬ್ಬರಿಗೂ ಹಂಚಲು ಅಡ್ಡಿಯೇನು? ಬೇಕಾದ ಅರ್ಧವನ್ನು ಹಿಡಿದು ಬೇಡಾದ ಅರ್ಧವನ್ನು ಬಿಡುವುದನ್ನು ಶಾಸ್ತ್ರಜ್ಞರು ಅರ್ಧಜರತೀಯ ನ್ಯಾಯವೆಂದು ಹಳಿದಿರುವರು. ಶಾಸ್ತ್ರವೇಕೆ, ಮದಲೂರಿನ ಕೆರೆಯಂಗಳದಲ್ಲಿ ಆಡುವ ಬಾಲಕರೂ ಎರಡು ಸಲ ಆಡಿ ಒಂದು ಸಲದ್ದನ್ನೇ ಎಣಿಸಲು ಒಪ್ಪರು.